ತಾನೇ ಕಲಿಯುವ ಇಂಜೆಕ್ಷನ್ ಕಲಿತ ತಪ್ಪು ಪಾಠ: ಮೈಸೂರಿನ ಒಂದು ರೋಟರಿ ಎಂಜಿನ್‌ನ ಪ್ರಕರಣ

ಎಂಬತ್ತರ ದಶಕದ ಆರಂಭದ ಮಜ್ದಾ ಆರ್‌ಎಕ್ಸ್-7, ಪಿಸ್ಟನ್ ಬದಲು ಎರಡು ರೋಟರುಗಳು ತಿರುಗುವ 12ಎ ಎಂಜಿನ್. ಮಾಲೀಕರ ಮನೆಯವರು ಹೊರದೇಶದಿಂದ ಮರಳುವಾಗ ಜೊತೆಗೆ ತಂದ ಗಾಡಿ. ಗಾಳಿಗೆ ಪೆಟ್ರೋಲ್ ಬೆರೆಸುವ ಅದರ ಕಾರ್ಬ್ಯುರೇಟರ್ ತೆಗೆದು, ‘ತಾನೇ ಕಲಿಯುವ’ ಫ್ಯೂಯಲ್ ಇಂಜೆಕ್ಷನ್ ಕಿಟ್ ಕೂರಿಸಲಾಗಿತ್ತು. ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಯಾಗಾರಕ್ಕೆ ಬಂದಾಗ ದೂರು ಹೀಗಿತ್ತು: ಕಿಟ್ ಹಾಕಿದ ದಿನ ಗಾಡಿ ಚೆನ್ನಾಗಿಯೇ ಓಡಿತು, ಆಮೇಲೆ ಓಡಿಸಿದಷ್ಟೂ ಕೆಟ್ಟಿತು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಗುದ್ದಾಡಿ ಆರಿಹೋಗುತ್ತದೆ, ಬಿಸಿ ಎಂಜಿನ್ ಮತ್ತೆ ಚಾಲೂ ಆಗುವುದಿಲ್ಲ, ಪೆಟ್ರೋಲ್ ನೀರಿನಂತೆ ಖರ್ಚಾಗುತ್ತದೆ.

ಹಳೆಯ ಎಂಜಿನ್ ಹದ ತಪ್ಪುವುದು ಹೊಸ ಸಂಗತಿಯಲ್ಲ. ಆದರೆ ಓಡಿದಷ್ಟೂ ಕಲಿತು ಸುಧಾರಿಸಬೇಕಾದ ವ್ಯವಸ್ಥೆಯೇ ಓಡಿದಷ್ಟೂ ಹದಗೆಡುತ್ತಿದೆ ಎಂದರೆ, ಅದು ಕಲಿಯುತ್ತಿರುವುದಾದರೂ ಏನು ಎಂದು ಮೊದಲು ಕೇಳಬೇಕಾಗುತ್ತದೆ.

ಕಾರ್ಬ್ಯುರೇಟರ್ ಕೈಬಿಟ್ಟದ್ದಕ್ಕೆ ಮಾಲೀಕರಲ್ಲಿ ಗಟ್ಟಿ ಕಾರಣಗಳಿದ್ದವು. ಈ ಎಂಜಿನ್‌ಗೆ ಬಂದದ್ದು ನಿಕ್ಕಿ ಕಂಪನಿಯ ನಾಲ್ಕು ಬ್ಯಾರಲ್ ಕಾರ್ಬ್ಯುರೇಟರ್. ಅದರ ಜೆಟ್ಟು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು), ಡಯಾಫ್ರಮ್ಮುಗಳನ್ನು ಇಲ್ಲಿ ಹುಡುಕಿ ಸೋತಿದ್ದರು. ಎರಡನೆಯದು ಪೆಟ್ರೋಲಿನ ವಿಚಾರ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಈಗ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಮಂಡ್ಯದ ಕಬ್ಬಿನ ಗದ್ದೆಗಳನ್ನು ದಿನವೂ ನೋಡುವ ನಮ್ಮ ಕಡೆಯವರಿಗೆ ಎಥನಾಲ್ ಎಲ್ಲಿಂದ ಬರುತ್ತದೆಂದು ಹೇಳಬೇಕಿಲ್ಲ. ಅದು ಎಂಜಿನ್‌ನಲ್ಲಿ ಮಾಡುವ ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಇ20 ಆದರೆ ಸುಮಾರು 13.5 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ 9ರಷ್ಟು ಹೆಚ್ಚು ಇಂಧನ ಹೋಗಬೇಕು. ಶುದ್ಧ ಪೆಟ್ರೋಲಿಗೆಂದು ಕೊರೆದ ಹಿತ್ತಾಳೆಯ ಜೆಟ್ಟು ಹಳೆಯ ಅಳತೆಯಲ್ಲೇ ಕೊಡುತ್ತದೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಇಂಧನ ತಿದ್ದಿಕೊಳ್ಳುವ ವ್ಯವಸ್ಥೆಗೆ ಶೇ 9 ಒಂದು ಸಮಸ್ಯೆಯೇ ಅಲ್ಲ. ಇಂಜೆಕ್ಷನ್‌ಗೆ ಹೋಗಬೇಕೆಂಬ ತೀರ್ಮಾನ ಸರಿಯಾಗಿತ್ತು ಎಂದೇ ನಾನು ಈಗಲೂ ಹೇಳುತ್ತೇನೆ.

ಇಂಥ ಕಿಟ್‌ಗಳು ಹೆಚ್ಚಾಗಿ ತಯಾರಾಗುವುದು ಅಮೆರಿಕದ ವಿ8 ಪಿಸ್ಟನ್ ಎಂಜಿನ್‌ಗಳಿಗೆ. ಕಾರ್ಬ್ಯುರೇಟರ್ ಕೂರುವ ಜಾಗದಲ್ಲೇ ಥ್ರಾಟಲ್ ಬಾಡಿ ಕೂರುತ್ತದೆ, ಇಂಜೆಕ್ಟರುಗಳೂ ಇಂಧನ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಅದರಲ್ಲೇ ಇರುತ್ತವೆ. ಇಸಿಯು ಒಳಗೆ ಒಂದು ಕೋಷ್ಟಕ: ಒಂದು ಬದಿಗೆ ಎಂಜಿನ್‌ನ ವೇಗ, ಇನ್ನೊಂದು ಬದಿಗೆ ಇನ್‌ಟೇಕ್ ಮ್ಯಾನಿಫೋಲ್ಡಿನ (ಗಾಳಿ ಒಳಗೆ ಹೋಗುವ ಕೊಳವೆಯ) ಒತ್ತಡ, ಪ್ರತಿ ಮನೆಯಲ್ಲೂ ಆ ಸ್ಥಿತಿಗೆ ಬೇಕಾದ ಇಂಧನದ ಅಂದಾಜು. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಮಿಶ್ರಣ ಹೇಗಿದೆಯೆಂದು ವರದಿ ಕೊಡುತ್ತದೆ. ಗುರಿಗಿಂತ ಲೀನ್ ಇದ್ದರೆ ಇಸಿಯು ಇಂಧನ ಸೇರಿಸುತ್ತದೆ, ರಿಚ್ (ಇಂಧನ ಹೆಚ್ಚು) ಇದ್ದರೆ ಕಳೆಯುತ್ತದೆ. ಆ ತಿದ್ದುಪಡಿಯನ್ನು ನಿಧಾನವಾಗಿ ಕೋಷ್ಟಕದೊಳಕ್ಕೆ ಬರೆದುಕೊಳ್ಳುತ್ತದೆ. ಕಲಿಕೆ ಎಂದರೆ ಇಷ್ಟೇ.

ಕಿಟ್‌ನ ಪರದೆ ಮೊದಲು ಕೇಳುವುದು ಸಿಲಿಂಡರ್ ಎಷ್ಟು, ಸಿಸಿ ಎಷ್ಟು ಎಂದು. ರೋಟರಿಯಲ್ಲಿ ಸಿಲಿಂಡರ್ ಇಲ್ಲ. 12ಎ ಎಂದರೆ 573 ಸಿಸಿಯ ಎರಡು ರೋಟರುಗಳು, ನೋಂದಣಿ ಪತ್ರದಲ್ಲಿ 1,146 ಸಿಸಿ. ತ್ರಿಕೋನಾಕಾರದ ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಕ್ತಿ ಹೊರಗೆ ಕೊಡುವ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ, ರೋಟರಿನ ಮೂರು ಮುಖಗಳೂ ಒಂದೊಂದು ಸಲ ಉರಿದಿರುತ್ತವೆ. ಲೆಕ್ಕ ಹಾಕಿದರೆ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ರೋಟರುಗಳಿಂದ ಎರಡು ಸ್ಫೋಟ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲೂ ಸುತ್ತಿಗೆ ಎರಡೇ. ಶಾಫ್ಟಿನ ಎರಡು ಸುತ್ತಿನಲ್ಲಿ 12ಎ ಒಳಗೆಳೆಯುವುದು 573ರ ನಾಲ್ಕು ಪಟ್ಟು, ಅಂದರೆ 2,292 ಸಿಸಿ. ಇಸಿಯುಗೆ ಹೇಳಬೇಕಾದದ್ದು ನಾಲ್ಕು ಸಿಲಿಂಡರ್, 2,292 ಸಿಸಿ. ಈ ಲೆಕ್ಕವನ್ನು ಮಾಲೀಕರು ಸರಿಯಾಗಿ ತುಂಬಿಸಿದ್ದರು. ಮೊದಲ ದಿನ ಗಾಡಿ ಚೆನ್ನಾಗಿ ಓಡಿದ್ದು ಅದರಿಂದಲೇ.

ಎಂಜಿನ್ ಬಿಸಿಯಾಗಿ ತಿದ್ದುಪಡಿ ಶುರುವಾದ ಮೇಲೆ ನಾವು ಕಂಡದ್ದು ಇದು. ಐಡ್ಲಿಂಗ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಎಂಜಿನ್ ತಿರುಗುವಾಗ, ಪರದೆಯ ಮೇಲೆ ಗಾಳಿ-ಇಂಧನ ಅನುಪಾತ 16.8, ಅಂದರೆ ಬಹಳ ಲೀನ್. ಇಸಿಯು ಶೇ 27ರಷ್ಟು ಇಂಧನ ಹೆಚ್ಚಿಸಿ ಕೊಡುತ್ತಿದೆ, ಇನ್ನೂ ಹೆಚ್ಚಿಸುತ್ತಿದೆ. ಆದರೆ ಗಾಡಿಯ ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಹಸಿ ಪೆಟ್ರೋಲಿನ ವಾಸನೆ. ಪರದೆ ಲೀನ್ ಎನ್ನುತ್ತಿತ್ತು, ಮೂಗು ರಿಚ್ ಎನ್ನುತ್ತಿತ್ತು. ಇಂಥ ಭಿನ್ನಾಭಿಪ್ರಾಯ ಬಂದಾಗ ಪ್ಲಗ್ ಬಿಚ್ಚಿ ನೋಡಬೇಕು. ರೋಟರಿಗೆ ಎರಡರಂತೆ ನಾಲ್ಕೂ ಪ್ಲಗ್ಗುಗಳು ಮಸಿಗಟ್ಟಿದ್ದವು, ಮೊದಲು ಕಿಡಿ ಕೊಡುವ ಲೀಡಿಂಗ್ ಪ್ಲಗ್ಗುಗಳ ತುದಿ ಒದ್ದೆಯಾಗಿತ್ತು.

ಪ್ಲಗ್ಗುಗಳನ್ನು ಒರೆಸಿ ಹಾಕಿ, ಕಲಿಕೆಯನ್ನೂ ತಿದ್ದುಪಡಿಯನ್ನೂ ಪೂರ್ತಿ ಆರಿಸಿದೆವು. ಮ್ಯಾನಿಫೋಲ್ಡಿಗೆ ಒಳಗಿನ ಎಳೆತ ತೋರಿಸುವ ಒಂದು ವ್ಯಾಕ್ಯೂಮ್ ಗೇಜ್ ಜೋಡಿಸಿ, ಐಡ್ಲಿಂಗ್ ಮನೆಗಳಲ್ಲಿನ ಇಂಧನವನ್ನು ಸ್ವಲ್ಪ ಸ್ವಲ್ಪವೇ ಕೈಯಿಂದ ಇಳಿಸುತ್ತ ಹೋದೆವು. ಮೊದಲ ಇಳಿಕೆಗೆ ಏನೂ ಬದಲಾಗಲಿಲ್ಲ. ಇನ್ನಷ್ಟು ಇಳಿಸಿದಾಗ ಸೈಲೆನ್ಸರಿನ ಪಟಪಟ ಸದ್ದು ವಿರಳವಾಯಿತು, ಗೇಜಿನ ಮುಳ್ಳು ತೂಗಾಡುವುದು ಕಡಿಮೆಯಾಯಿತು. ಪರದೆಯ ಅಂಕಿ 16.8ರಿಂದ 15.5ಕ್ಕೆ ಇಳಿಯಿತು. ಮತ್ತೆ ಕಡಿತ ಮಾಡಿದೆವು: ಮುಳ್ಳು ನಿಂತಿತು, ಎಂಜಿನ್‌ನ ವೇಗ ತಾನಾಗಿ ಏರಿತು, ಅಂಕಿ 13.2ಕ್ಕೆ ಬಂತು. ಇಂಧನ ಕಡಿಮೆ ಮಾಡಿದಾಗ ಈ ಅಂಕಿ ಏರಬೇಕು, ಇಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಕಡಿತ ಮಾಡಿದಾಗ ಮಾತ್ರ ಅಂಕಿ ನಿಯಮದಂತೆ 13.7, 14.2 ಎಂದು ಏರತೊಡಗಿತು, ಎಂಜಿನ್ ಮತ್ತೆ ನಡುಗತೊಡಗಿತು. ಈ ಪ್ರಕರಣದ ಗಂಟು ಬಿಚ್ಚಿಕೊಂಡದ್ದು ಅಲ್ಲಿಯೇ.

ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಅಳೆಯುತ್ತದೆ. ಉರಿಯುವ ಕೋಣೆಯಲ್ಲಿ ಮಿಸ್ಸಿಂಗ್ ಆದರೆ, ಅಂದರೆ ಮಿಶ್ರಣಕ್ಕೆ ಬೆಂಕಿ ಹತ್ತದಿದ್ದರೆ, ಒಳಗೆ ಬಂದ ಗಾಳಿ ಉರಿಯದೆ ಹಾಗೆಯೇ ಹೊರಗೆ ಹೋಗುತ್ತದೆ, ಅದರ ಆಮ್ಲಜನಕವೆಲ್ಲ ಸೆನ್ಸರಿಗೆ ತಾಗುತ್ತದೆ. ಮಿಶ್ರಣ ಎಷ್ಟೇ ರಿಚ್ ಇರಲಿ, ಸೆನ್ಸರ್ ಲೀನ್ ಎಂದೇ ಹೇಳುತ್ತದೆ. ಇಸಿಯು ಇಂಧನ ಹೆಚ್ಚಿಸುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಮಿಸ್ಸಿಂಗ್ ಹೆಚ್ಚಾಗುತ್ತದೆ, ಸೆನ್ಸರಿಗೆ ಇನ್ನೂ ಹೆಚ್ಚು ಆಮ್ಲಜನಕ ಕಾಣುತ್ತದೆ. ಜ್ವರ ಬಂದ ನಾಲಿಗೆಯಿಂದ ರುಚಿ ನೋಡಿ ಸಾರಿಗೆ ಮೇಲಿಂದ ಮೇಲೆ ಉಪ್ಪು ಸುರಿದ ಹಾಗೆ. ಸಾಲದ್ದಕ್ಕೆ, ಪ್ರತಿ ಸುತ್ತಿನ ತಪ್ಪನ್ನೂ ಇಸಿಯು ಶ್ರದ್ಧೆಯಿಂದ ಕೋಷ್ಟಕದಲ್ಲಿ ಬರೆದಿಡುತ್ತಿತ್ತು. ಓಡಿದಷ್ಟೂ ಗಾಡಿ ಕೆಟ್ಟದ್ದು ಹೀಗೆ.

ಪಿಸ್ಟನ್ ಎಂಜಿನ್‌ನಲ್ಲಿ ಮಿಸ್ಸಿಂಗ್ ಎಂದರೆ ಕಾಯಿಲೆ. ರೋಟರಿಯಲ್ಲಿ ಐಡ್ಲಿಂಗ್‌ನ ಅಷ್ಟಿಷ್ಟು ಮಿಸ್ಸಿಂಗ್ ಅದರ ಸ್ವಭಾವದಲ್ಲೇ ಇದೆ. ಉರಿಯುವ ಕೋಣೆ ಉದ್ದಕ್ಕೆ, ತೆಳ್ಳಗೆ, ಚಲಿಸುತ್ತಲೇ ಇರುತ್ತದೆ. ಒಂದು ಕಿಡಿ ಸಾಲದೆಂದೇ ಪ್ರತಿ ರೋಟರಿಗೆ ಲೀಡಿಂಗ್, ಟ್ರೇಲಿಂಗ್ ಎಂದು ಎರಡು ಪ್ಲಗ್. 12ಎಯಲ್ಲಿ ಹೊಗೆಯ ಕಿಂಡಿ ಹೌಸಿಂಗಿನ (ರೋಟರ್ ಸುತ್ತಲಿನ ಕವಚದ) ಅಂಚಿನಲ್ಲಿರುವುದರಿಂದ ನಿಧಾನ ವೇಗದಲ್ಲಿ ಸುಟ್ಟ ಅನಿಲದ ಒಂದು ಪಾಲು ಹೊಸ ಮಿಶ್ರಣದೊಂದಿಗೆ ಸೇರಿಕೊಳ್ಳುತ್ತದೆ. ಆರೋಗ್ಯವಂತ ರೋಟರಿಯೂ ಐಡ್ಲಿಂಗ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಉರಿ ತಪ್ಪಿಸುತ್ತದೆ. ವಿ8 ಎಂಜಿನ್‌ಗೆಂದು ಬರೆದ ಕಲಿಕೆಯ ತರ್ಕಕ್ಕೆ ಈ ಸ್ವಭಾವದ ಪರಿಚಯವಿಲ್ಲ.

ಐಡ್ಲಿಂಗ್ ಕೈಯಿಂದ ಹದಕ್ಕೆ ಬಂದ ಮೇಲೂ ಕಡಿಮೆ ಥ್ರಾಟಲ್‌ನ ಓಟದಲ್ಲಿ ಸೆನ್ಸರಿನ ಮಾತಿಗೂ ಪ್ಲಗ್ಗಿನ ಬಣ್ಣಕ್ಕೂ ತಾಳೆಯಾಗಲಿಲ್ಲ. ಇನ್ನೆಲ್ಲಿಂದಲೋ ಗಾಳಿ ಒಳಗೆ ಬರುತ್ತಿದೆ ಎಂಬ ಅನುಮಾನದಿಂದ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ ಒಳಗೆ ಹೊಗೆ ಊದಿದೆವು. ಹಳೆಯ ಏರ್ ಪಂಪಿನ ದಾರಿಯನ್ನು ಮುಚ್ಚಿದ್ದ ತಗಡಿನ ಅಂಚಿನಿಂದ ಹೊಗೆ ನೂಲಿನಂತೆ ಎದ್ದಿತು. ರೋಟರಿಯ ಹೊಗೆಯಲ್ಲಿ ಉರಿಯದ ಇಂಧನ ಹೆಚ್ಚಿರುವುದರಿಂದ, ಕೆಲವು ದೇಶಗಳಿಗೆ ಹೋದ ಗಾಡಿಗಳಲ್ಲಿ ಮಜ್ದಾ ಒಂದು ಪಂಪ್ ಇಟ್ಟು ಹೊಗೆಯ ಕಿಂಡಿಗೆ ತಾಜಾ ಗಾಳಿ ಊದಿ ಅದನ್ನು ಅಲ್ಲಿಯೇ ಸುಡುವ ಏರ್ಪಾಡು ಮಾಡಿತ್ತು. ಪಂಪ್ ಎಂದೋ ಹೋಗಿದೆ, ದಾರಿ ಉಳಿದಿದೆ. ಒತ್ತಡದ ಪ್ರತಿ ಅಲೆಯ ಹಿಂದೆ ಬರುವ ಎಳೆತದಲ್ಲಿ ಆ ಸಂದಿಯಿಂದ ಹೊರಗಿನ ಗಾಳಿ ಸೆನ್ಸರಿನ ಮುಂದೆ ಹಾದುಹೋಗುತ್ತಿತ್ತು. ಪಕ್ಕದ ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ಪಟ್ಟಿ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದೆವು. ಕಾರ್ಬ್ಯುರೇಟರ್ ಇದ್ದಾಗ ಇಂಥ ಸೋರಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸೆನ್ಸರಿನ ಮಾತು ಕೇಳುವ ವ್ಯವಸ್ಥೆಗೆ ಬಂದ ಮೇಲೆ ಸೈಲೆನ್ಸರಿನ ಪ್ರತಿ ಜೋಡಣೆಯೂ ಇಂಧನ ವ್ಯವಸ್ಥೆಯ ಭಾಗವೇ ಆಗುತ್ತದೆ.

ಸೆನ್ಸರ್ ಇದ್ದ ಜಾಗವೂ ಸರಿಯಿರಲಿಲ್ಲ. ಎಂಜಿನ್‌ಗೆ ಅಂಟಿಕೊಂಡಂತೆ, ಕಿಂಡಿಯಿಂದ ಒಂದು ಗೇಣು ದೂರದಲ್ಲಿ ಕೂರಿಸಲಾಗಿತ್ತು. ಪಿಸ್ಟನ್ ಎಂಜಿನ್‌ಗಿಂತ ರೋಟರಿಯ ಹೊಗೆ ಬಹಳ ಬಿಸಿ. ಬಾಷ್‌ನ ಎಲ್‌ಎಸ್‌ಯು 4.9 ಮಾದರಿಯ ಸೆನ್ಸರ್ ನಿರಂತರವಾಗಿ ತಡೆದುಕೊಳ್ಳುವುದು 930 ಡಿಗ್ರಿ ಸೆಲ್ಸಿಯಸ್ಸಿನ ಅನಿಲವನ್ನು. ಪೂರ್ತಿ ಥ್ರಾಟಲ್‌ನಲ್ಲಿ ಕಿಂಡಿಯ ಹತ್ತಿರ ರೋಟರಿಯ ಹೊಗೆ ಅದರ ಆಸುಪಾಸಿಗೇ ಹೋಗುತ್ತದೆ. 80 ಸೆಂಟಿಮೀಟರಿನಷ್ಟು ಕೆಳಗೆ, ಎರಡೂ ರೋಟರುಗಳ ಹೊಗೆ ಬೆರೆತ ಮೇಲಿನ ಜಾಗದಲ್ಲಿ ಸೆನ್ಸರ್ ಕೂರುವ ಹೊಸ ಬಂಗ್ ಬೆಸುಗೆ ಹಾಕಿ, ನೀರು ತಂಗದಂತೆ ಅಡ್ಡರೇಖೆಗಿಂತ ಮೇಲಕ್ಕೆ ವಾಲಿಸಿ ಹೊಸ ಸೆನ್ಸರ್ ಕೂರಿಸಿದೆವು.

ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೇರೆಯದು. ರೋಟರಿನ ತುದಿಗಳಲ್ಲಿರುವ ಅಪೆಕ್ಸ್ ಸೀಲುಗಳು ಹೌಸಿಂಗಿನ ಗೋಡೆಯನ್ನು ಉಜ್ಜುತ್ತಲೇ ಸಾಗುತ್ತವೆ; ಅವಕ್ಕೆ ಸದಾ ಆಯಿಲ್ ಸಿಗಬೇಕು. ಅದಕ್ಕೆಂದೇ ಎಂಜಿನ್‌ನ ಪಕ್ಕದಲ್ಲಿ ಮೀಟರಿಂಗ್ ಆಯಿಲ್ ಪಂಪ್ ಇದೆ. ಅದು ಎಂಜಿನ್ ತಳದ ಸಂಪಿನ ಆಯಿಲನ್ನು ಸಣ್ಣ ಕೊಳವೆಗಳ ಮೂಲಕ ಹನಿಹನಿಯಾಗಿ ಕಾರ್ಬ್ಯುರೇಟರಿಗೆ ಕೊಡುತ್ತದೆ, ಎಕ್ಸಲರೇಟರ್ ಒತ್ತಿದಷ್ಟೂ ಹೆಚ್ಚು ಕೊಡುತ್ತದೆ. ಕಾರ್ಬ್ಯುರೇಟರ್ ಹೋದ ಮೇಲೆ ಆ ಕೊಳವೆಗಳಿಗೆ ಹೋಗಲು ಜಾಗವಿಲ್ಲ. ಈ ಗಾಡಿಯಲ್ಲಿ ಅವನ್ನು ಮಡಚಿ ತಂತಿಯಿಂದ ಕಟ್ಟಿಡಲಾಗಿತ್ತು. ಟ್ಯಾಂಕಿನ ಪೆಟ್ರೋಲಿನಲ್ಲೂ ಆಯಿಲ್ ಇರಲಿಲ್ಲ. ಅಂದರೆ ಕಿಟ್ ಕೂರಿಸಿದಂದಿನಿಂದ ಸೀಲುಗಳು ಒಣಗಿದ ಗೋಡೆಯ ಮೇಲೆ ಓಡಿವೆ. ಮೇಲಿಂದ ರಿಚ್ ಮಿಶ್ರಣದ ಪೆಟ್ರೋಲ್ ಇದ್ದಬದ್ದ ಪಸೆಯನ್ನೂ ತೊಳೆದಿದೆ.

ಕೂಡಲೇ ಕಂಪ್ರೆಷನ್, ಅಂದರೆ ಕೋಣೆ ಹಿಡಿದಿಡುವ ಒತ್ತಡ, ನೋಡಿದೆವು. ರೋಟರಿಯಲ್ಲಿ ಸಾಮಾನ್ಯ ಗೇಜ್ ಮೂರು ಮುಖಗಳಲ್ಲಿ ಅತಿ ಹೆಚ್ಚಿನದನ್ನಷ್ಟೇ ಹಿಡಿದಿಟ್ಟು ತೋರಿಸುತ್ತದೆ. ಒಂದು ಸೀಲ್ ಮುರಿದಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಗೇಜಿನ ವಾಲ್ವ್ ತೆಗೆದು, ಸೆಲ್ಫ್ ಹೊಡೆಯುತ್ತ ಮುಳ್ಳಿನ ಮೂರು ಜಿಗಿತಗಳು ಒಂದೇ ಎತ್ತರದಲ್ಲಿವೆಯೇ ಎಂದು ನೋಡಬೇಕು. ಎರಡೂ ರೋಟರುಗಳಲ್ಲಿ ಜಿಗಿತಗಳು ಸಮವಾಗಿದ್ದವು. ಗಾಡಿ ಹೆಚ್ಚು ಓಡದೆ ನಿಂತದ್ದೇ ಒಳ್ಳೆಯದಾಯಿತು.

ಪಂಪಿನ ಬಾಯಿಗೆ ಮುಚ್ಚಳ ಹಾಕಿ, ಪೆಟ್ರೋಲಿಗೇ ಟೂ ಸ್ಟ್ರೋಕ್ ಆಯಿಲ್ ಬೆರೆಸುವ ದಾರಿ ಹಿಡಿದೆವು: ಲೀಟರಿಗೆ 8ರಿಂದ 10 ಮಿಲಿಲೀಟರ್, ಜಪಾನಿನ ಗುಣಮಟ್ಟವಾದ ಜಾಸೊ ಎಫ್‌ಡಿ ದರ್ಜೆಯದು. ಕೊಳವೆಗಳನ್ನು ಥ್ರಾಟಲ್ ಬಾಡಿಯ ಕೆಳಗೆ ಜೋಡಿಸುವ ದಾರಿಯೂ ಇದೆ. ಆದರೆ ಟೂ ಸ್ಟ್ರೋಕ್ ಆಯಿಲ್ ಉರಿಯಲೆಂದೇ ಮಾಡಿದ್ದು, ಸಂಪಿನ ಆಯಿಲಿಗಿಂತ ಕಡಿಮೆ ಬೂದಿ ಬಿಡುತ್ತದೆ; ಹಳೆಯ ಪಂಪಿನ ಮೇಲೆ ಭಾರ ಹಾಕುವುದಕ್ಕಿಂತ ಇದು ಮೇಲು ಎಂಬುದು ನನ್ನ ನಿಲುವು. ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಿಂದ 1996ರವರೆಗೆ ನಡೆದ ಊರು ಇದು. ಪೆಟ್ರೋಲಿಗೆ ಆಯಿಲ್ ಅಳೆದು ಹಾಕಿಸಿಕೊಳ್ಳುವುದು ಜಾವಾ, ಯೆಜ್ಡಿ ಓಡಿಸಿದ ಮನೆಗಳಲ್ಲಿ ಇನ್ನೂ ಮರೆತಿಲ್ಲ. ಮಾಲೀಕರ ತಂದೆ ಯೆಜ್ಡಿ ಇಟ್ಟುಕೊಂಡಿದ್ದವರು. ಅಳತೆಯ ಬಾಟಲಿಯನ್ನು ಡಿಕ್ಕಿಯಲ್ಲಿ ಇಡಬೇಕು ಎಂದಾಗ ತಲೆಯಾಡಿಸಿ ಮುಂದಿನ ಮಾತಿಗೆ ಹೋದರು. ಆಯಿಲ್ ಉರಿದ ಮಸಿ ಸೆನ್ಸರಿನ ಆಯಸ್ಸನ್ನು ಕಡಿಮೆ ಮಾಡುತ್ತದೆ. ಅದನ್ನು ಪ್ಲಗ್ಗಿನಂತೆ ಕಾಲಕಾಲಕ್ಕೆ ಬದಲಿಸುವ ವಸ್ತು ಎಂದೇ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಉಳಿದ ರಿಪೇರಿಗಳು ಮಾಮೂಲಿನವು. ಕಾರ್ಬ್ಯುರೇಟರಿಗೆ ಅತಿ ಕಡಿಮೆ ಒತ್ತಡ ಸಾಕಾಗಿತ್ತು, ಈ ಕಿಟ್‌ಗೆ 4 ಬಾರ್ ಬೇಕು. ಪಂಪ್ ಹೊಸದಿತ್ತು, ಪೈಪುಗಳು ಹಳೆಯವು. ಎಥನಾಲ್ ತಡೆಯುವ ಅಧಿಕ ಒತ್ತಡದ ಪೈಪುಗಳನ್ನು ಹಾಕಿ, ತಿರುವುಗಳಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದರೂ ಪಂಪಿಗೆ ಗಾಳಿ ಸಿಗದಂತೆ ಸಣ್ಣ ಸರ್ಜ್ ಟ್ಯಾಂಕ್ ಸೇರಿಸಿದೆವು. ಆರ್‌ಪಿಎಂ ತಂತಿ ಪ್ಲಗ್ ವೈರುಗಳ ಪಕ್ಕದಲ್ಲೇ ಹಾದುಹೋಗಿ ಅಂಕಿ ಜಿಗಿಯುತ್ತಿತ್ತು. ಅದನ್ನು ಲೀಡಿಂಗ್ ಕಾಯಿಲಿನಿಂದ ಬೇರೆ ದಾರಿಯಲ್ಲಿ ತಂದೆವು. ಇಸಿಯು ವಿದ್ಯುತ್ತನ್ನೂ ಅರ್ಥಿಂಗನ್ನೂ ನೇರ ಬ್ಯಾಟರಿಗೇ ಕೊಟ್ಟೆವು.

ಆ ಮೇಲೆ ಹಳೆಯ ಕೋಷ್ಟಕವನ್ನು ಪೂರ್ತಿ ಅಳಿಸಿ ಹೊಸದಾಗಿ ಕಲಿಸಲು ಕೂತೆವು. ಈ ಸಲ ಏನನ್ನು ಕಲಿಯಬೇಕು, ಏನನ್ನು ಕಲಿಯಬಾರದು ಎಂಬುದನ್ನು ನಾವೇ ಗೊತ್ತುಮಾಡಿದೆವು. 1,500 ಆರ್‌ಪಿಎಂ ಕೆಳಗೆ ಕಲಿಕೆ ಇಲ್ಲ, ಸೆನ್ಸರಿನ ತಿದ್ದುಪಡಿಗೂ ಶೇ 3ರ ಮಿತಿ. ಅಲ್ಲಿ ವ್ಯಾಕ್ಯೂಮ್ ಗೇಜ್ ನೋಡಿ ಕೈಯಿಂದ ತುಂಬಿದ ಅಂಕಿಗಳೇ ಅಂತಿಮ. ಸಮವೇಗದ ಓಟಕ್ಕೆ ಗುರಿ 13.8, ಭಾರ ಬಿದ್ದಾಗ 12.6. ಇ20 ಹಾಕಿಸುತ್ತೇವಾದ್ದರಿಂದ ಈ ಗುರಿಗಳನ್ನು ಇಳಿಸಬೇಕಲ್ಲವೇ ಎಂದು ಮಾಲೀಕರು ಕೇಳಿದರು. ಬೇಕಿಲ್ಲ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು, ಅಂದರೆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಇದೆ ಎಂಬುದನ್ನು; ಪರದೆ ಅದನ್ನು 14.7ರಿಂದ ಗುಣಿಸಿ ಪೆಟ್ರೋಲಿನ ಭಾಷೆಯಲ್ಲಿ ತೋರಿಸುತ್ತದೆ, ಅಷ್ಟೇ. ಪರದೆಯ 13.2 ಎಂದರೆ ಲ್ಯಾಂಬ್ಡಾ 0.9, ಟ್ಯಾಂಕಿನಲ್ಲಿ ಯಾವ ಪೆಟ್ರೋಲ್ ಇದ್ದರೂ 0.9 ಎಂಬುದು 0.9 ಆಗಿಯೇ ಇರುತ್ತದೆ.

ಕಲಿಸುವ ಓಟಕ್ಕೆ ನಮ್ಮ ಊರು ಬಹಳ ಅನುಕೂಲ. ಬೆಳಗಿನ ಜಾವ ರಿಂಗ್ ರಸ್ತೆಯಲ್ಲಿ ಒಂದೊಂದು ವೇಗವನ್ನೂ ಹಿಡಿದಿಟ್ಟು ಓಡಿಸಿದರೆ ಕೋಷ್ಟಕದ ನಡುವಿನ ಮನೆಗಳು ತುಂಬುತ್ತವೆ. ಭಾರದ ಮನೆಗಳಿಗೆ ಚಾಮುಂಡಿ ಬೆಟ್ಟದ ಏರು ಇದೆ. ಆದರೆ ಒಂದು ಮಿತಿಯೂ ಉಂಟು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 92 ಕಿಲೋಪ್ಯಾಸ್ಕಲ್ ಆಸುಪಾಸು. ಸುಮಾರು 1,060 ಮೀಟರ್ ಎತ್ತರದ ಬೆಟ್ಟದ ಮೇಲೆ 89. ಎಕ್ಸಲರೇಟರನ್ನು ನೆಲಕ್ಕೆ ಒತ್ತಿದರೂ ಮ್ಯಾನಿಫೋಲ್ಡಿನ ಒತ್ತಡ ಅದಕ್ಕಿಂತ ಮೇಲೆ ಹೋಗದು. ಅಂದರೆ ಕೋಷ್ಟಕದ 95, 100 ಕಿಲೋಪ್ಯಾಸ್ಕಲ್‌ನ ಸಾಲುಗಳನ್ನು ಇಲ್ಲಿ ಎಷ್ಟು ಓಡಿಸಿದರೂ ಎಂಜಿನ್ ಮುಟ್ಟುವುದೇ ಇಲ್ಲ. ಇದೇ ಗಾಡಿ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಮಂಗಳೂರು ತಲುಪಿದರೆ, ಪೂರ್ತಿ ಭಾರದಲ್ಲಿ ಕಿಟ್ ತಯಾರಕರ ಕಚ್ಚಾ ಅಂದಾಜಿನ ಮೇಲೆಯೇ ಓಡುತ್ತದೆ. ಲೀನ್ ಆದರೆ ಅಪೆಕ್ಸ್ ಸೀಲಿಗೆ ಅತಿ ಅಪಾಯವಾಗುವ ಜಾಗವೂ ಅದೇ. ಕಲಿತ ಸಾಲುಗಳ ಏರಿಕೆಯ ಜಾಡು ಹಿಡಿದು ಆ ಎರಡು ಸಾಲುಗಳನ್ನು ಕೈಯಿಂದ, ಸ್ವಲ್ಪ ರಿಚ್ ಕಡೆಗೇ ತುಂಬಿದೆವು.

ಅಂಕಿಗಳು ನೆಲೆಗೊಂಡ ಮೇಲೆ ಕಲಿಕೆಯನ್ನು ಪೂರ್ತಿ ನಿಲ್ಲಿಸಿದೆವು. ಸಮವೇಗದ ಓಟದಲ್ಲಿ ಸಣ್ಣ ತಿದ್ದುಪಡಿಗೆ ಮಾತ್ರ ಅವಕಾಶ ಉಳಿಸಿದೆವು. ಕಲಿಕೆ ಸದಾ ಚಾಲ್ತಿಯಲ್ಲಿರಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ಲಗ್ ಒಂದು ಕೆಟ್ಟರೂ, ಸೆನ್ಸರಿಗೆ ಮಸಿ ಹಿಡಿದರೂ, ಗ್ಯಾಸ್ಕೆಟ್ ಮತ್ತೆ ಸುಟ್ಟರೂ ಆ ದೋಷ ಕೋಷ್ಟಕಕ್ಕೆ ಇಳಿಯುತ್ತದೆ, ಕಾರಣ ಸಿಕ್ಕ ಮೇಲೂ ಕೋಷ್ಟಕ ಹಾಳಾಗಿಯೇ ಇರುತ್ತದೆ.

ಥ್ರಾಟಲ್ ತಟ್ಟನೆ ಒತ್ತಿದಾಗ ಬೇಕಾಗುವ ಹೆಚ್ಚುವರಿ ಇಂಧನವನ್ನಾಗಲಿ, ತಣ್ಣಗಿನ ಎಂಜಿನ್ ಚಾಲೂ ಆಗಲು ಬೇಕಾದ ಇಂಧನವನ್ನಾಗಲಿ ಇಂಥ ಕಿಟ್ ತಾನಾಗಿ ಕಲಿಯುವುದಿಲ್ಲ. ಪಿಕಪ್ ತೊಡರುವುದನ್ನು ಕಾರ್ಯಾಗಾರದ ಮುಂದಿನ ರಸ್ತೆಯಲ್ಲಿ ಓಡಿಸಿ ಓಡಿಸಿ ಸರಿಪಡಿಸಿದೆವು. ಚಾಲೂ ಮಾಡುವ ವಿಚಾರದಲ್ಲಿ ಗಾಡಿಗಿಂತ ಅಭ್ಯಾಸವನ್ನು ತಿದ್ದಬೇಕಾಯಿತು. ಕೀಲಿ ತಿರುಗಿಸಿದಾಗಲೆಲ್ಲ ಇಂಜೆಕ್ಟರ್ ಒಂದು ಸಲ ಪೆಟ್ರೋಲ್ ಸಿಂಪಡಿಸುತ್ತದೆ. ಎಂಜಿನ್ ಚಾಲೂ ಆಗದಿದ್ದರೆ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುವುದು ನಮ್ಮೆಲ್ಲರ ಕೈಗೆ ಅಂಟಿದ ರೂಢಿ. ರೋಟರಿಯಲ್ಲಿ ಹೀಗೆ ಸೇರಿದ ಪೆಟ್ರೋಲ್ ಸೀಲುಗಳ ಮೇಲಿನ ಆಯಿಲನ್ನು ತೊಳೆಯುತ್ತದೆ, ಕಂಪ್ರೆಷನ್ ಬಿದ್ದುಹೋಗುತ್ತದೆ, ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಏಳದು. ಹಾಗಾದಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆಗ ಇಸಿಯು ಇಂಧನ ನಿಲ್ಲಿಸುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪಂಪಿನ ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ, ತೂತಿನಿಂದ ಒಂದಿಷ್ಟು ಆಯಿಲ್ ಬಿಟ್ಟು ತಿರುಗಿಸಬೇಕು. ಇದನ್ನು ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇವೆ.

ಇಗ್ನಿಷನ್ನನ್ನು ಮುಟ್ಟಿಲ್ಲ. ಕಿಟ್‌ನ ಇಸಿಯು ಒಂದು ಕಾಯಿಲಿನ ಟೈಮಿಂಗ್ ನಡೆಸಬಲ್ಲದು, ರೋಟರಿಗೆ ಲೀಡಿಂಗ್ ಮತ್ತು ಟ್ರೇಲಿಂಗ್ ಎರಡೂ ಬೇಕು. ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ಎರಡನ್ನೂ ಸರಿಯಾಗಿ ನೋಡಿಕೊಳ್ಳುತ್ತಿದೆ. ಗಾಡಿ ಈಗ ಸಿಗ್ನಲ್‌ನಲ್ಲಿ ಆರುವುದಿಲ್ಲ, ಬಿಸಿಯಲ್ಲೂ ಮೊದಲ ಸೆಲ್ಫಿಗೇ ಚಾಲೂ ಆಗುತ್ತದೆ. ಮಳೆಗಾಲ ಮುಗಿದ ಮೇಲೆ ಮಾಲೀಕರು ಮಂಗಳೂರಿಗೆ ಹೋಗುವವರಿದ್ದಾರೆ. ಘಾಟಿ ಇಳಿದ ಮೇಲೆ ಡೇಟಾ ಲಾಗ್ ಚಾಲೂ ಮಾಡಿ, ಬರುವಾಗ ಆ ಫೈಲ್ ತರಲು ಹೇಳಿದ್ದೇನೆ. ಕೈಯಿಂದ ತುಂಬಿದ 95, 100ರ ಸಾಲುಗಳನ್ನು ಅದರ ಮುಂದಿಟ್ಟು ನೋಡಬೇಕಿದೆ.